ಆಡದೆ ಆಡುವ ಆಟವೂ ಅದರಿಂದ ಬರುವ ಹಣವೂ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಈಗ ಇಲ್ಲಿ ಓದುತ್ತಿರುವ ಹೆಣ್ಣುಮಕ್ಕಳ ತಾಯಿತಂದೆಗಳಿಗೂ ಈ ಸಂಚಿಕೆಯಲ್ಲಿ ಏನನ್ನು ಬರೆಯಲಿ ಎಂದು ನಾನು ಯೋಚಿಸುತ್ತಿದ್ದಾಗ, ಬರೆಯತಕ್ಕ ವಿಷಯವು ತಾನಾಗಿಯೇ ನನ್ನ ಕೋಣೆಯ ಬಾಗಿಲಿಗೆ ಬಂದಿತು. ಹೊಲಿಗೆಯ ಕೆಲಸದಿಂದ ಸಂಸಾರವನ್ನು ಸಾಗಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ, ಒಂಬತ್ತನೆಯ ತರಗತಿಯಲ್ಲಿರುವ ತನ್ನ ಮಗಳ ಲೆಕ್ಕದ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಟೀಚರೇ, ಇದು ನಿಜವೋ ಸುಳ್ಳೋ ನೀವೇ ನೋಡಿ ಹೇಳಬೇಕು. ನಿಜವಾದರೆ ನಾನು ಸಂಘದಲ್ಲಿ ಅರುವತ್ತು ಸಾವಿರ ಸಾಲ ತೆಗೆಯುತ್ತೇನೆ," ಎಂದಳು.

ಪುಸ್ತಕವನ್ನು ತೆರೆದು ನೋಡಿದೆನು. ಅಕ್ಷರಗಳು ದುಂಡಾಗಿದ್ದುವು, ಕೂಡಿಸಿದ್ದರಲ್ಲಿಯೂ ಗುಣಿಸಿದ್ದರಲ್ಲಿಯೂ ಒಂದು ತಪ್ಪಾದರೂ ಇರಲಿಲ್ಲ. ದಿನವೊಂದಕ್ಕೆ ಇಷ್ಟು ಬಾಳೆಹಣ್ಣುಗಳು, ಹಣ್ಣೊಂದಕ್ಕೆ ಇಷ್ಟು ಬೆಲೆ, ತಿಂಗಳಿಗೆ ಐದು ಸಾವಿರ ರೂಪಾಯಿ, ಒಂದು ವರುಷದಲ್ಲಿ ಹೊಸ ಕಂಪ್ಯೂಟರಿನ ಸಾಲ ತೀರುವುದು ಎಂಬದಾಗಿ ಕೊನೆಯ ಪುಟದಲ್ಲಿ ಬರೆದು ಕೆಳಗೆ ಎರಡು ಗೆರೆಗಳನ್ನೆಳೆದಿದ್ದಳು. ಈ ಬಾಳೆಹಣ್ಣುಗಳು ಯಾವ ತೋಟದಲ್ಲಿ ಬೆಳೆದವುಗಳೂ ಅಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಚಿತ್ರಗಳು. ಆ ದಿನ ನನಗೆ ಉತ್ತರ ತಿಳಿದಿರಲಿಲ್ಲವಾದುದರಿಂದ ಒಂದು ವಾರದ ಅವಧಿಯನ್ನು ಕೇಳಿಕೊಂಡೆನು. ಬಳಿಕ ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯವರನ್ನೂ ಆ ಹುಡುಗಿಯನ್ನೂ ಹತ್ತಿರ ಕೂಡ್ರಿಸಿಕೊಂಡು ಒಂದು ಶನಿವಾರವೆಲ್ಲಾ ಕಲಿತೆನು. ಇಂಥ ಪುಸ್ತಕಗಳು ಇನ್ನೂ ಹಲವು ಮನೆಗಳಲ್ಲಿ ಇರಬಹುದಾದುದರಿಂದ, ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ವೀಡಿಯೋ ಗೇಮುಗಳಲ್ಲಿ ಐಡಲ್ ಗೇಮು ಎಂಬದೊಂದು ಜಾತಿಯುಂಟು. ಇದರಲ್ಲಿ ಆಡುವವರು ಮಾಡತಕ್ಕದ್ದು ಬಹು ಸ್ವಲ್ಪ. ಆಟವನ್ನು ತೆರೆದಿಟ್ಟು ತಮ್ಮ ಬೇರೆ ಕೆಲಸಕ್ಕೆ ಹೋದರೂ ಅದು ತನ್ನಷ್ಟಕ್ಕೆ ತಾನೇ ನಡೆಯುತ್ತಾ ಗಳಿಕೆಯನ್ನು ಕೂಡಿಹಾಕುತ್ತಿರುತ್ತದೆ. ಆಟದಲ್ಲಿ ಹೀಗೆ ದೊರೆಯುವ ವಸ್ತುಗಳಿಗೆ ಇಂಗ್ಲಿಷಿನಲ್ಲಿ ಲೂಟ್ ಎನ್ನುತ್ತಾರೆ. ಅದು ಹಿಂದೀ ಭಾಷೆಯಿಂದ ಇಂಗ್ಲಿಷಿಗೆ ಹೋದ ಮಾತು, ನಮ್ಮ ಲೂಟಿಯೇ. ಸಮುದ್ರ ದಾಟಿ ಹೋದ ಮಾತು ಈಗ ನಮ್ಮ ಮಕ್ಕಳ ಬಾಯಲ್ಲಿ ತಿರುಗಿ ಬಂದಿದೆ.

ನಮ್ಮ ಹುಡುಗಿ ಆಡುತ್ತಿದ್ದ ಆಟದ ಹೆಸರು ಬನಾನಾ. ಇದು 2024ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಹೊರಟಿತು. ಅಮೇರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿರುವ ವಾಲ್ವ್ ಎಂಬ ಕಂಪೆನಿಯವರು ನಡೆಸುವ ಸ್ಟೀಮ್ ಎಂಬ ಆಟಗಳ ಅಂಗಡಿಯಲ್ಲಿ ಇದು ಧರ್ಮಕ್ಕೆ ಸಿಗುತ್ತದೆ. ಪರದೆಯ ಮೇಲೆ ಒಂದು ಬಾಳೆಹಣ್ಣು ಕಾಣಿಸುತ್ತದೆ. ಅದನ್ನು ಒತ್ತಿದರೆ ಎಣಿಕೆ ಒಂದು ಹೆಚ್ಚುತ್ತದೆ. ಆಟವೆಂದರೆ ಇಷ್ಟೇ. ಆದರೆ ಅದನ್ನು ತೆರೆದಿಟ್ಟವರಿಗೆ ಮೂರು ಗಂಟೆಗೊಮ್ಮೆ ಒಂದು ಹಣ್ಣೂ ಹದಿನೆಂಟು ಗಂಟೆಗೊಮ್ಮೆ ತುಸು ಅಪರೂಪದ ಇನ್ನೊಂದು ಹಣ್ಣೂ ದೊರೆಯುತ್ತವೆ. ಇವುಗಳನ್ನು 2012ರ ಡಿಸೆಂಬರಿನಿಂದ ಅದೇ ಅಂಗಡಿಯಲ್ಲಿ ನಡೆಯುತ್ತಿರುವ ಸಂತೆಯಲ್ಲಿ ಮಾರಬಹುದು. ಆ ವರುಷ ಜೂನ್ ತಿಂಗಳಲ್ಲಿ ಒಂದೇ ವೇಳೆಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಈ ಆಟವನ್ನು ತೆರೆದಿಟ್ಟಿದ್ದರೆಂದು ಲೆಕ್ಕ ಬಂದಿತು. ಮಂದಿ ಎಂದು ಬರೆದೆನು; ಆದರೆ ಅವರಲ್ಲಿ ಬಹು ಭಾಗ ಮನುಷ್ಯರೇ ಅಲ್ಲ, ಒಬ್ಬೊಬ್ಬನೇ ನೂರಾರು ಹೆಸರುಗಳಲ್ಲಿ ಓಡಿಸುತ್ತಿದ್ದ ಯಂತ್ರದ ಲೆಕ್ಕಗಳು ಎಂಬದನ್ನು ಆಟವನ್ನು ಮಾಡಿದವರೇ ಒಪ್ಪಿಕೊಂಡರು. ಆ ಜನಸಂದಣಿಯು ಬಳಿಕ ಬಹಳವಾಗಿ ಕರಗಿಹೋಯಿತು.

ಅಪರೂಪದ ಒಂದು ಹಣ್ಣು ಸಾವಿರ ಡಾಲರಿಗಿಂತ ಮೇಲೆ ಮಾರಾಟವಾಯಿತು ಎಂಬದು ನಿಜವೇ. ನಮ್ಮ ಹುಡುಗಿಯ ಕಿವಿಗೆ ಬಿದ್ದದ್ದು ಅದೊಂದೇ ಸುದ್ದಿ. ಅವಳ ತಪ್ಪು ಗುಣಾಕಾರದಲ್ಲಿರಲಿಲ್ಲ, ಗುಣಿಸಲು ಆರಿಸಿಕೊಂಡ ಸಂಖ್ಯೆಯಲ್ಲಿತ್ತು. ಸಂತೆಯಲ್ಲಿ ಮಾರುವವರು ಕೇಳುತ್ತಿದ್ದ ಬೆಲೆಗಳನ್ನು ಅವಳು ಬರೆದುಕೊಂಡಿದ್ದಳೇ ಹೊರತು ಕೊಳ್ಳುವವರು ಕೊಟ್ಟ ಬೆಲೆಗಳನ್ನಲ್ಲ. ನಿಜವಾಗಿ ದಿನದಿನವೂ ಎಲ್ಲರಿಗೂ ಸಿಗುವ ಸಾಮಾನ್ಯ ಹಣ್ಣಿಗೆ ಕೊಳ್ಳುವವರು ಕೊಡುವುದು ಮೂರು ಸೆಂಟು; ಆ ಸಂತೆಯಲ್ಲಿ ಡಾಲರಿನ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ ಬೆಲೆಯೇ ಇಲ್ಲ.

ಆ ಮೂರು ಸೆಂಟುಗಳ ಗತಿ ಏನಾಗುತ್ತದೆಂಬದನ್ನು ತಾಯಂದಿರು ಗಮನವಿಟ್ಟು ನೋಡಬೇಕು. ಮಾರುವವರಿಗೆ ಸೇರುವ ಮೊತ್ತದ ಮೇಲೆ ನೂರಕ್ಕೆ ಐದರಂತೆ ಅಂಗಡಿಯವರಿಗೂ ಸಾಮಾನ್ಯವಾಗಿ ನೂರಕ್ಕೆ ಹತ್ತರಂತೆ ಆಟವನ್ನು ಮಾಡಿದವರಿಗೂ ಸುಂಕ ಸಲ್ಲಬೇಕು. ಆದರೆ ಈ ಸುಂಕಗಳಲ್ಲಿ ಯಾವುದೂ ಒಂದು ಸೆಂಟಿಗೆ ಕಡಿಮೆಯಾಗಲಾರದು. ಆದಕಾರಣ ಮೂರು ಸೆಂಟಿನಲ್ಲಿ ಒಂದು ಅಂಗಡಿಗೆ, ಒಂದು ಆಟದವರಿಗೆ, ಉಳಿದ ಒಂದು ಮಾತ್ರ ರಾತ್ರಿಯೆಲ್ಲಾ ಕಂಪ್ಯೂಟರನ್ನು ಉರಿಸಿದವಳಿಗೆ. ನಮ್ಮ ಊರಿನ ಸಂತೆಯಲ್ಲಿ ಮೂರರಲ್ಲಿ ಎರಡು ಪಾಲನ್ನು ಸುಂಕವಾಗಿ ಕೇಳಿದರೆ ಮುದುಕಿಯರು ಬುಟ್ಟಿ ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಲಕ್ಷಗಟ್ಟಲೆ ಮಾರಾಟಗಳಿಂದ ಒಂದೊಂದೇ ಸೆಂಟನ್ನು ಎತ್ತುವವರಿಗೆ ಮಾತ್ರ ಇದು ಒಳ್ಳೆಯ ವ್ಯಾಪಾರ.

ಆ ಶನಿವಾರ ನಾವು ಕರಿಹಲಗೆಯ ಮೇಲೆ ಹೊಸ ಲೆಕ್ಕವನ್ನು ಮಾಡಿದೆವು. ಇಪ್ಪತ್ತನಾಲ್ಕು ಗಂಟೆಗೆ ಎಂಟು ಸಾಮಾನ್ಯ ಹಣ್ಣುಗಳು, ಹೆಚ್ಚೆಂದರೆ ಒಂದೆರಡು ಇನ್ನೊಂದು ಜಾತಿಯವು; ಒಟ್ಟು ಒಂಬತ್ತೆಂದು ಹಿಡಿದೆವು. ಆ ಇನ್ನೊಂದು ಜಾತಿಯೂ ಹೆಚ್ಚಾಗಿ ಅಗ್ಗವೇ. ಒಂಬತ್ತು ಸೆಂಟು, ಡಾಲರಿಗೆ ತೊಂಬತ್ತು ರೂಪಾಯಿಯಂತೆ ಎಂಟು ರೂಪಾಯಿ ಹತ್ತು ಪೈಸೆ. ಇನ್ನು ಖರ್ಚು. ನೂರು ವಾಟು ಎಳೆಯುವ ಕಂಪ್ಯೂಟರು ಹಗಲಿರುಳು ನಡೆದರೆ ಎರಡು ಯೂನಿಟು ನಾಲ್ಕು ದಶಾಂಶ. ಯೂನಿಟಿಗೆ ಆರು ರೂಪಾಯಿಯಂತೆ ಹದಿನಾಲ್ಕು ರೂಪಾಯಿ ನಲುವತ್ತು ಪೈಸೆ. ಎಂಟು ರೂಪಾಯಿ ತರಲು ಹದಿನಾಲ್ಕು ರೂಪಾಯಿ. ಹುಡುಗಿ ಕೂಡಲೇ, "ನಮ್ಮ ಮನೆಯಲ್ಲಿ ಗೃಹಜ್ಯೋತಿ ಇದೆ, ಟೀಚರೇ, ಕರೆಂಟಿಗೆ ದುಡ್ಡಿಲ್ಲ," ಎಂದಳು. ಪ್ರಶ್ನೆ ಚುರುಕಾಗಿತ್ತು. 2023ರಲ್ಲಿ ಆರಂಭವಾದ ಆ ಯೋಜನೆಗೂ ಇನ್ನೂರು ಯೂನಿಟಿನ ಎಲ್ಲೆಯಿದೆ. ಈ ಒಂದು ಯಂತ್ರವೇ ತಿಂಗಳಿಗೆ ಎಪ್ಪತ್ತೆರಡು ಯೂನಿಟುಗಳನ್ನು ತಿನ್ನುವುದು. ತಾಯಿಯ ಹೊಲಿಗೆಯ ಯಂತ್ರ, ಇಸ್ತ್ರಿಪೆಟ್ಟಿಗೆ, ದೀಪಗಳು ಇವೆಲ್ಲವುಗಳೊಂದಿಗೆ ಇದೂ ಸೇರಿ ಇನ್ನೂರನ್ನು ದಾಟಿದ ತಿಂಗಳಲ್ಲಿ ಇಡೀ ಬಿಲ್ಲನ್ನು ಮನೆಯವರೇ ಕಟ್ಟಬೇಕು. ಅವಳು ಏನೂ ಹೇಳದೆ ಆ ಸಂಖ್ಯೆಯನ್ನೂ ಬರೆದುಕೊಂಡಳು.

ಇಷ್ಟು ದಿನಗಳಲ್ಲಿ ಎಷ್ಟು ಮಾರಿದ್ದೀಯೆ ಎಂದು ಕೇಳಲಾಗಿ, ಒಂದನ್ನೂ ಮಾರಿಲ್ಲವೆಂದಳು. ಮಾವನ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅರುವತ್ತಮೂರು ಹಣ್ಣುಗಳು ಕೂಡಿದ್ದುವು. ಸಂತೆಯ ಬಾಗಿಲು ಮಾತ್ರ ಅವಳಿಗೆ ತೆರೆದಿರಲಿಲ್ಲ. ಕಾರಣವನ್ನು ನಿಯಮಗಳಲ್ಲಿ ಹುಡುಕಿದೆವು. ಆ ಅಂಗಡಿಯಲ್ಲಿ ಕಡಿಮೆಯೆಂದರೆ ಐದು ಡಾಲರನ್ನು ವೆಚ್ಚಮಾಡದವರಿಗೆ ಸಂತೆಯಲ್ಲಿ ಮಾರುವ ಹಕ್ಕಿಲ್ಲ. ವೆಚ್ಚಮಾಡಿದ ಮೇಲೂ ಒಂದು ವಾರ ಕಾಯಬೇಕು. ವರುಷದೊಳಗೆ ಏನನ್ನೂ ಕೊಳ್ಳದವರಿಗೆ ಬಾಗಿಲು ಮತ್ತೆ ಮುಚ್ಚುತ್ತದೆ. ಐದು ಡಾಲರೆಂದರೆ ಐನೂರು ಸಾಮಾನ್ಯ ಹಣ್ಣುಗಳ ಹುಟ್ಟುವಳಿ, ಸುಮಾರು ಎರಡು ತಿಂಗಳ ಹಗಲಿರುಳು. ಆ ಐದು ಡಾಲರು ಹಾಳಾಗುವುದಿಲ್ಲ, ಅದಕ್ಕೆ ಬದಲಾಗಿ ಯಾವುದಾದರೊಂದು ಆಟ ದೊರೆಯುವುದು ನಿಜ. ಆದರೆ ಧರ್ಮಕ್ಕೆಂದು ಕರೆದ ಮನೆಯಲ್ಲಿ ಮೊದಲು ಕಾಣಿಕೆ ಇಡಬೇಕೆಂಬದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ.

ಆಕೆಯ ತಾಯಿ ಕೇಳಿದ ಮುಖ್ಯ ಪ್ರಶ್ನೆ ಇನ್ನೂ ಉಳಿದಿತ್ತು: ಬಂದ ಹಣ ಕೈಗೆ ಬರುವುದೋ? ಬರುವುದಿಲ್ಲ. ಸಂತೆಯಲ್ಲಿ ಮಾರಿದ ಹಣವು ಸ್ಟೀಮಿನ ವ್ಯಾಲೆಟ್ಟಿನಲ್ಲಿ, ಅಂದರೆ ಆ ಅಂಗಡಿಯವರೇ ಇಟ್ಟಿರುವ ಹಣದ ಚೀಲದಲ್ಲಿ ಸೇರುತ್ತದೆ. ಅದರಿಂದ ಅದೇ ಅಂಗಡಿಯ ಆಟಗಳನ್ನೂ ಸಂತೆಯ ವಸ್ತುಗಳನ್ನೂ ಕೊಳ್ಳಬಹುದು. ಬ್ಯಾಂಕಿಗೆ ಕಳುಹಿಸಲಾಗದು, ಅಕ್ಕಿ ತರಲಾಗದು, ಸಂಘದ ಕಂತನ್ನು ಕಟ್ಟಲಾಗದು. ಈ ಮಾತನ್ನು ಕೇಳಿ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ಜಾತ್ರೆಯ ತೊಟ್ಟಿಲ ಚೀಟಿ ಇದ್ದ ಹಾಗೆ," ಎಂದಳು. ನಾನು ಅದಕ್ಕಿಂತ ಚೆನ್ನಾಗಿ ವಿವರಿಸಲಾರೆನು.

ಈ ಚೀಲದಿಂದ ಹೊರಗೆ ಹಣವನ್ನು ತರುತ್ತೇವೆಂದು ಹೇಳುವ ಬೇರೆ ಜಾಲತಾಣಗಳು ಇವೆ. ವಸ್ತುವನ್ನು ಅವರಿಗೆ ವರ್ಗಾಯಿಸಿದರೆ ಅವರು ರೊಕ್ಕ ಕೊಡುತ್ತಾರೆ. ಕೆಲವರು ಕೊಡುವುದೂ ಉಂಟು. ಆದರೆ ಈ ಕೆಲಸ ನಡೆಯುವುದು ಅಂಗಡಿಯವರ ಸಂತೆಯ ಆಚೆಗೆ; ಏನಾದರೂ ಕೆಟ್ಟರೆ ಹೊಣೆ ಹೊರುವವರಿಲ್ಲ. ಮೋಸಗಾರರು ನಿಂತಿರುವುದೂ ಅಲ್ಲಿಯೇ. ಸ್ಟೀಮಿನ ಪುಟದಂತೆಯೇ ಕಾಣುವ ಸುಳ್ಳು ಪುಟವನ್ನು ತೋರಿಸಿ ಗುಪ್ತಪದವನ್ನು ಬರೆಯಿಸಿಕೊಂಡು, ಕ್ಷಣಮಾತ್ರದಲ್ಲಿ ಇಡೀ ಖಾತೆಯನ್ನು ಬರಿದುಮಾಡುವುದು ಅವರ ಹಳೆಯ ಉಪಾಯ. ಹದಿಮೂರು ತುಂಬದವರು ಸ್ಟೀಮಿನ ಖಾತೆಯನ್ನೇ ಇಟ್ಟುಕೊಳ್ಳಕೂಡದೆಂದು ಅವರ ನಿಯಮವಿದೆ. ಹದಿನಾಲ್ಕು ತುಂಬಿದವರು ಇಂಥ ಬಲೆಯನ್ನು ಗುರುತಿಸಬಲ್ಲರೆಂದು ಇದರ ಅರ್ಥವಲ್ಲ.

ಆಟದ ಲೂಟಿಯಿಂದ ನಿಜವಾದ ಹಣ ಯಾರಿಗೂ ಬಂದಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. 2001ರಲ್ಲಿ ಎಡ್ವರ್ಡ್ ಕಾಸ್ಟ್ರೊನೋವಾ ಎಂಬ ಅಮೇರಿಕದ ಅರ್ಥಶಾಸ್ತ್ರಜ್ಞರು ಎವರ್‌ಕ್ವೆಸ್ಟ್ ಎಂಬ ಆಟದೊಳಗಿನ ನೋರಾತ್ ಎಂಬ ಕಲ್ಪಿತ ದೇಶದ ವ್ಯಾಪಾರವನ್ನು ಪರೀಕ್ಷಿಸಿ, ಅಲ್ಲಿ ಶ್ರಮಪಡುವವನ ಗಂಟೆಯ ಗಳಿಕೆ 3.42 ಡಾಲರು ಎಂದು ಎಣಿಸಿದರು. ಆಗ ಅವರ ದೇಶದಲ್ಲಿ ಕಾನೂನಿನ ಕನಿಷ್ಠ ಕೂಲಿ 5.15 ಡಾಲರು. ಡಯಾಬ್ಲೋ ಮೂರನೆಯ ಆಟದವರು 2012ರಲ್ಲಿ ತಾವೇ ನಿಜ ಹಣದ ಹರಾಜುಕಟ್ಟೆಯನ್ನು ತೆರೆದು, ವ್ಯಾಪಾರದಿಂದ ಆಟವೇ ಕೆಡುತ್ತದೆಂದು ಕಂಡು, 2014ರ ಮಾರ್ಚಿಯಲ್ಲಿ ಅದನ್ನು ಮುಚ್ಚಿದರು.

ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಫಿಲಿಪೈನ್ಸ್ ದೇಶದ ಸಂಗತಿ. ಅಲ್ಲಿ 2021ರಲ್ಲಿ, ರೋಗದ ಕಾರಣ ಊರುಗಳು ಮುಚ್ಚಿ ಜನರು ಕೆಲಸ ಕಳೆದುಕೊಂಡಿದ್ದಾಗ, ಆಕ್ಸೀ ಇನ್ಫಿನಿಟಿ ಎಂಬ ವಿಯೆಟ್ನಾಮಿನ ಕಂಪೆನಿಯ ಆಟದಿಂದ ಅನೇಕ ಸಂಸಾರಗಳು ಊಟಮಾಡಿದುವು. ಆದರೆ ಆಡಲು ಮೊದಲು ಮೂರು ಪ್ರಾಣಿಗಳ ಚಿತ್ರಗಳನ್ನು ಕೊಳ್ಳಬೇಕಾಗಿತ್ತು, ಅದಕ್ಕೆ ನೂರಾರು ಡಾಲರು. ಹಣವಿಲ್ಲದವರಿಗೆ ಹಣವಂತರು ಪ್ರಾಣಿಗಳನ್ನು ವಾರಕ್ಕೆ ಕೊಟ್ಟು ಗಳಿಕೆಯಲ್ಲಿ ಪಾಲು ತೆಗೆದುಕೊಂಡರು. ಹೀಗೆ ವಾರಕ್ಕೆ ದುಡಿಯುವವರಿಗೆ ಅವರು ಇಟ್ಟ ಹೆಸರು ಸ್ಕಾಲರುಗಳು! ಇಪ್ಪತ್ತು ವರುಷ ಮಕ್ಕಳ ಸ್ಕಾಲರ್‌ಶಿಪ್ಪಿನ ಅರ್ಜಿಗಳನ್ನು ಬರೆದ ನನಗೆ ಇದನ್ನು ಓದಿ ನಗಲು ಮನಸ್ಸು ಬರಲಿಲ್ಲ. ಆಟದಲ್ಲಿ ಕೂಲಿಯಾಗಿ ಸಿಗುತ್ತಿದ್ದ ನಾಣ್ಯಕ್ಕೆ ಆ ವರುಷದ ನಡುವೆ ಮೂವತ್ತು ಸೆಂಟಿಗೂ ಮೇಲೆ ಬೆಲೆಯಿತ್ತು. ಬೆಲೆಯನ್ನು ಎತ್ತಿ ಹಿಡಿದಿದ್ದದ್ದು ಹೊಸದಾಗಿ ಬಂದು ಪ್ರಾಣಿಗಳನ್ನು ಕೊಳ್ಳುತ್ತಿದ್ದವರ ಹಣವೇ. ಬರುವವರು ಕಡಿಮೆಯಾಗಲು 2022ರ ಮಧ್ಯದಲ್ಲಿ ಅದು ಒಂದು ಸೆಂಟಿಗಿಂತಲೂ ಕೆಳಗಿಳಿಯಿತು. ಅದೇ ವರುಷ ಮಾರ್ಚಿಯಲ್ಲಿ ಕಳ್ಳರು ಆ ಆಟದ ಖಜಾನೆಯಿಂದ ಆರುನೂರು ಮಿಲಿಯ ಡಾಲರಿಗೂ ಹೆಚ್ಚಾಗಿ ದೋಚಿದರು. ಮೊದಲು ಬಂದು ಮೊದಲು ಹೊರಟವರು ಲಾಭ ಕಂಡರು. ಸಾಲಮಾಡಿ ತಡವಾಗಿ ಬಂದವರ ಕೈಯಲ್ಲಿ ಪ್ರಾಣಿಗಳ ಚಿತ್ರಗಳು ಉಳಿದುವು.

ಬಾಳೆಹಣ್ಣಿನದೂ ಇದೇ ರೀತಿ. ಆ ಹಣ್ಣಿನಿಂದ ಆಟದಲ್ಲಿಯೂ ಏನೂ ಉಪಯೋಗವಿಲ್ಲ. ಇನ್ನೊಬ್ಬರು ಬೇಕೆನ್ನುವ ತನಕ ಬೆಲೆ, ಬೇಡವೆಂದ ದಿನ ಇಲ್ಲ. ನಮ್ಮ ಪೇಟೆಯ ಏಲಕ್ಕಿ ಬಾಳೆ ಮಾರಾಟವಾಗದೆ ಉಳಿದರೆ ಮನೆಯಲ್ಲಿ ತಿನ್ನಬಹುದು, ಕಪ್ಪಾದರೆ ಹಲ್ವ ಮಾಡಬಹುದು. ಎಷ್ಟು ಅಪರೂಪದ ಹಣ್ಣುಗಳನ್ನು ಹೊರಬಿಡಬೇಕೆಂಬದನ್ನೂ ಆಟ ಮಾಡಿದವರೇ ನಿಶ್ಚಯಿಸುವವರು; ಅವರು ನಾಳೆ ಮನಸ್ಸು ಬದಲಿಸಿದರೆ ಕೇಳುವವರಿಲ್ಲ.

ನಾನು ಆ ಹುಡುಗಿಯನ್ನು ಗದರಿಸಲಿಲ್ಲ, ಗದರಿಸಬೇಕೆಂದು ನನಗೆ ತೋರಲೂ ಇಲ್ಲ. ರಾತ್ರಿ ಹನ್ನೊಂದರವರೆಗೆ ಕಾಜಾಗುಂಡಿ ಹೊಲಿಯುವ ತಾಯಿಯನ್ನು ನೋಡಿ, ಅವಳು ಮಲಗಿದ ಮೇಲೂ ಮನೆಯಲ್ಲಿ ಏನಾದರೂ ದುಡಿಯುತ್ತಿರಲಿ ಎಂದು ಬಯಸಿದ ಮಗು ಅದು. ಆಟವನ್ನು ಆಟವೆಂದು, ಬಿಡುವಿನಲ್ಲಿ, ಮಾವನ ಮನೆಯಲ್ಲಿ ಆಡಿದರೆ ನನ್ನ ಆಕ್ಷೇಪಣೆಯಿಲ್ಲವೆಂದು ತಾಯಿಗೆ ಹೇಳಿದೆನು. ಮಕ್ಕಳು ಇಂಥ ಗಳಿಕೆಯ ಮಾತನ್ನು ಎತ್ತಿದಾಗ, ನಿನ್ನೆ ನಿಜವಾಗಿ ಮಾರಾಟವಾದ ಬೆಲೆ ಎಷ್ಟು, ಸುಂಕ ಎಷ್ಟು, ಹಣವನ್ನು ಬ್ಯಾಂಕಿಗೆ ತರಬಹುದೋ ಎಂಬ ಮೂರನ್ನು ಅವರಿಂದಲೇ ಬರೆಯಿಸಿದರೆ ಸಾಕು. ಸಿಟ್ಟಿಗೆ ಸಂದರ್ಭವೇ ಬಾರದು.

ಸಾಲದ ಅರ್ಜಿಯನ್ನು ತಾಯಿ ಹಿಂದಕ್ಕೆ ತೆಗೆದುಕೊಂಡಳು. ಮುಂದಿನ ಸೋಮವಾರ ಹುಡುಗಿ ಪುಸ್ತಕವನ್ನು ತಿರುಗಿ ತಂದು ತೋರಿಸಿದಳು. ಸುಂಕ, ವಿದ್ಯುತ್ತು ಎಂಬ ಎರಡು ಹೊಸ ಕಾಲಮುಗಳನ್ನು ಕೆಂಪು ಶಾಯಿಯಲ್ಲಿ ಎಳೆದು ಎಲ್ಲವನ್ನೂ ಮೊದಲಿನಿಂದ ಬರೆದಿದ್ದಳು. ಕೊನೆಯ ಪುಟದಲ್ಲಿ ತಾಯಿ ಹೊಲಿಯುವ ರವಿಕೆಗಳಿಗೂ ಅದೇ ರೀತಿಯ ಲೆಕ್ಕವನ್ನು ಮಾಡಿ, ದಾರ, ಅಸ್ತರು, ಗುಂಡಿ, ಕರೆಂಟು ಕಳೆದು, ಒಂದು ರವಿಕೆಗೆ ತಾಯಿ ಕೇಳುತ್ತಿರುವ ಕೂಲಿ ಇಪ್ಪತ್ತು ರೂಪಾಯಿ ಕಡಿಮೆಯಾಗಿದೆ ಎಂದು ಬರೆದಿತ್ತು. ಅರುವತ್ತಮೂರು ಹಣ್ಣುಗಳು ಇನ್ನೂ ಅಲ್ಲಿಯೇ ಇವೆಯಂತೆ.