ಫ್ಲ್ಯಾಟ್ ನಿಮ್ಮದು, ನದಿ ಯಾರದ್ದು?

ಹೋದ ವಾರ ದುಬೈಯಿಂದ ನನ್ನ ಅಕ್ಕ ವಾಟ್ಸ್‌ಆ್ಯಪಲ್ಲಿ ಒಂದು ಬ್ರೋಷರ್ ಕಳಿಸಿದ್ಳು. ಮಂಗಳೂರಿನ ನೇತ್ರಾವತಿ ದಂಡೆ, ಹದಿನೆಂಟನೇ ಮಹಡಿ, ಮೂರು ಬೆಡ್‌ರೂಮ್. ಬಾಲ್ಕನಿಯಲ್ಲಿ ನಿಂತರೆ ನದಿ, ಅಳಿವೆ, ಅದರಾಚೆ ಸಮುದ್ರ. ಬೆಲೆ 2 ಕೋಟಿ. ಕೆಳಗೆ ಒಂದೇ ಪ್ರಶ್ನೆ: "ತೆಗೊಳ್ಬಹುದಾ?" ಅಕ್ಕ-ಭಾವನ ಹನ್ನೆರಡು ವರ್ಷದ ಉಳಿತಾಯ ಅದು. ಸುಮ್ನೆ "ಹೂಂ" ಅನ್ನೋಕೆ ಆಗಲ್ಲ. ಇವತ್ತಿನ ಎಪಿಸೋಡ್ ಅವಳಿಗೆ ಕೊಟ್ಟ ಉತ್ತರ.

ಮೊದಲು ಜಾಗದ ಕಥೆ. ಜಪ್ಪು, ಬೋಳಾರ, ಹೊಯ್ಗೆಬಜಾರ್ ಕಡೆಯ ಈ ದಂಡೆ ಒಂದು ಕಾಲದಲ್ಲಿ ಹೆಂಚಿನ ಕಾರ್ಖಾನೆಗಳದ್ದು. 1865ರಲ್ಲಿ ಬಾಸೆಲ್ ಮಿಷನ್ ಜಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕ್ತು. ನದಿ ಪಕ್ಕವೇ ಯಾಕೆ? ಜೇಡಿಮಣ್ಣು ದೋಣಿಯಲ್ಲಿ ಬರ್ತಿತ್ತು, ಸುಟ್ಟ ಹೆಂಚು ದೋಣಿಯಲ್ಲೇ ಬಂದರಿಗೆ ಹೋಗ್ತಿತ್ತು. ಆಗ ನದಿ ಅಂದ್ರೆ ನೋಡೋ ವಸ್ತು ಅಲ್ಲ, ಸಾಗಾಟದ ದಾರಿ. ಆಮೇಲೆ ಮನೆಗಳಿಗೆ ಕಾಂಕ್ರೀಟ್ ತಾರಸಿ ಬಂತು. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಶುರುವಾಗಿ ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ಊರಿನೊಳಗೆ, ನೀರಿಗೆ ತಾಗಿದ ದೊಡ್ಡ ದೊಡ್ಡ ಜಾಗ. ಅದರ ಬೆಲೆ ಈಗ ನಿಂತಿರೋದು "ನೋಟ"ದ ಮೇಲೆ.

ಈಗ ಲೆಕ್ಕ. ಉದಾಹರಣೆಗೆ, ಬ್ರೋಷರಿನ 2,000 ಚದರ ಅಡಿ ಸೂಪರ್ ಬಿಲ್ಟ್-ಅಪ್ ಅಂತಿಟ್ಕೊಳ್ಳಿ. ಅಡಿಗೆ 10,000 ರೂಪಾಯಿ ಅನ್ಸುತ್ತೆ. ಆದ್ರೆ ಅದರಲ್ಲಿ ಲಿಫ್ಟು, ಮೆಟ್ಟಿಲು, ಲಾಬಿ ಎಲ್ಲದರ ಪಾಲೂ ಸೇರಿರುತ್ತೆ. ಕಾರ್ಪೆಟ್ ಏರಿಯಾ 1,400 ಇದ್ರೆ ನಿಜವಾದ ದರ ಅಡಿಗೆ ಸುಮಾರು 14,300. ಇನ್ನೊಂದು ತಮಾಷೆ: ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಬಾಲ್ಕನಿ ಸೇರಲ್ಲ. ಅಂದ್ರೆ ಯಾವ ಬಾಲ್ಕನಿಗೋಸ್ಕರ ಹೆಚ್ಚು ದುಡ್ಡು ಕೊಡ್ತೀರೋ, ಅದು ಆ ಲೆಕ್ಕದಿಂದಲೇ ಹೊರಗೆ.

2 ಕೋಟಿ ಕೊಟ್ರೆ ಮುಗೀತಾ? ಇಲ್ಲ. ಕಟ್ಟಡ ಇನ್ನೂ ಏಳ್ತಾ ಇದ್ರೆ ಜಿಎಸ್‌ಟಿ 5 ಪರ್ಸೆಂಟ್, ಅಂದ್ರೆ 10 ಲಕ್ಷ. ಕಂಪ್ಲೀಷನ್ ಸರ್ಟಿಫಿಕೇಟ್ ಸಿಕ್ಕಿದ ಮೇಲೆ ಕೊಂಡ್ರೆ ಜಿಎಸ್‌ಟಿ ಇಲ್ಲ. ಮುದ್ರಾಂಕ ಶುಲ್ಕ 5, ನೋಂದಣಿ ಶುಲ್ಕ 2 ಪರ್ಸೆಂಟ್ ಸೇರಿ 14 ಲಕ್ಷ, ಅದರ ಮೇಲೆ ಸೆಸ್ಸು.

ಮುಖ್ಯ ಪ್ರಶ್ನೆ ಇನ್ನೂ ಉಳೀತು. ಆ ನೋಟಕ್ಕೆ ಗ್ಯಾರಂಟಿ ಉಂಟಾ? ಕ್ರಯಪತ್ರದಲ್ಲಿ ಮನೆ ಇರುತ್ತೆ, ಜಮೀನಿನ ಅವಿಭಜಿತ ಪಾಲು ಇರುತ್ತೆ. ನದಿ ಇರಲ್ಲ. "ಮುಂದೆ ಏನೂ ಬರಲ್ಲ ಸಾರ್" ಅನ್ನೋದು ಸೇಲ್ಸ್‌ನವರ ಬಾಯಿಮಾತು. ಉಬ್ಬರದ ನೀರು ಬರುವ ನದಿಗಳಿಗೆ ಕರಾವಳಿ ನಿಯಂತ್ರಣ ವಲಯ, ಅಂದ್ರೆ ಸಿಆರ್‌ಝಡ್, 2011ರ ಅಧಿಸೂಚನೆಯಲ್ಲಿ ದಡದಿಂದ 100 ಮೀಟರ್ ಇತ್ತು. 2019ರದ್ದರಲ್ಲಿ ಅದು 50ಕ್ಕೆ ಇಳೀತು. ನಿಯಮವೇ ಹೀಗೆ ಬದಲಾಗುತ್ತೆ ಅಂದ್ಮೇಲೆ ಬಾಯಿಮಾತಿಗೆ ಏನು ಬೆಲೆ?

ಹಾಗಾಗಿ ಅಕ್ಕನಿಗೆ ನಾಲ್ಕು ಮಾತು ಹೇಳ್ದೆ. ಒಂದು, ರೇರಾ ವೆಬ್‌ಸೈಟಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡು. ಎರಡು, ಈ ಕಟ್ಟಡಕ್ಕೆ ಸಿಆರ್‌ಝಡ್ ಅನುಮತಿ ಬೇಕಾ, ಬೇಕಿದ್ರೆ ಸಿಕ್ಕಿದೆಯಾ ಅಂತ ವಕೀಲರಿಂದ ನೋಡ್ಸು. ಎದುರಿನ ಜಾಗ ಯಾರದ್ದು ಅನ್ನೋದೂ ಗೊತ್ತಾಗ್ಲಿ. ಮೂರು, ಒಪ್ಪಂದ ನೋಂದಣಿ ಆಗೋ ಮೊದಲು 10 ಪರ್ಸೆಂಟಿಗಿಂತ ಹೆಚ್ಚು ಕೊಡ್ಬೇಡ, ಅದಕ್ಕಿಂತ ಹೆಚ್ಚು ಕೇಳೋ ಹಾಗೇ ಇಲ್ಲ. ನಾಲ್ಕು, ಬ್ರೋಷರ್ ಡಿಲೀಟ್ ಮಾಡ್ಬೇಡ. ಅದರಲ್ಲಿನ ಸುಳ್ಳನ್ನು ನಂಬಿ ನಷ್ಟ ಆದ್ರೆ ಪರಿಹಾರ ಕೇಳೋ ಹಕ್ಕು ರೇರಾದಲ್ಲಿದೆ.

ಕೊನೆಗೊಂದು. ಬ್ರೋಷರಿನ ಫೋಟೋದಲ್ಲಿ ದೋಣಿಗಳು ಬಾರೀ ಚಂದ ಕಾಣ್ತವೆ. ಹಳೇ ಬಂದರು ಇನ್ನೂ ಸತ್ತಿಲ್ಲ. ದಕ್ಕೆಯಲ್ಲಿ ಮೀನು ಇಳಿಯುತ್ತೆ, ಲಕ್ಷದ್ವೀಪಕ್ಕೆ ಮಂಜಿಗಳು ಸಾಮಾನು ಹೊರ್ತವೆ. ಆ ದೋಣಿಗಳ ಜೊತೆ ಡೀಸೆಲ್ ವಾಸನೆ, ಮೀನಿನ ವಾಸನೆ, ನಸುಕಿನ ಎಂಜಿನ್ ಸದ್ದೂ ಬರುತ್ತೆ. ಊರಿಗೆ ಬಂದಾಗ ಒಂದಿನ ಬೆಳಗ್ಗೆ ಐದಕ್ಕೆ ದಕ್ಕೆಗೆ ಹೋಗಿ ನಿಂತು ನೋಡು ಅಂದೆ. ಅದು ಇಷ್ಟ ಆದ್ರೆ ಮಾತ್ರ ಮುಂದಿನ ಮಾತು. ಮನೆ ಕೊಂಡು, ಆಮೇಲೆ "ಈ ದೋಣಿಗಳನ್ನ ಇಲ್ಲಿಂದ ಎಬ್ಬಿಸಿ" ಅಂತ ಅರ್ಜಿ ಹಾಕೋದು ಬೇಡ.

ಅಕ್ಕ ಇನ್ನೂ ಬುಕಿಂಗ್ ಮಾಡಿಲ್ಲ. ರೇರಾ ನಂಬರ್ ಕೇಳಿ ಮೆಸೇಜ್ ಹಾಕಿದ್ದಾಳೆ. ಉತ್ತರಕ್ಕೆ ಕಾಯ್ತಾ ಇದ್ದೀವಿ.