ಸಂತವಾಣಿ ಮತ್ತು ಸಾಕ್ಷ್ಯಚಿತ್ರ: ಪಾಠದಿಂದ ಹಾಡುಗಾರನೆಡೆಗೆ

ಹರಿದಾಸರ ಕೀರ್ತನೆಗಳನ್ನಾಗಲಿ ತತ್ತ್ವಪದಗಳನ್ನಾಗಲಿ ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಮುದ್ರಿತ ಪಾಠವನ್ನೇ ಆಕರವಾಗಿ ಸ್ವೀಕರಿಸುತ್ತಾರೆ. ಅಂಕಿತವನ್ನು ಪರಿಶೀಲಿಸುವುದು, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು, ಪ್ರಕ್ಷಿಪ್ತವನ್ನು ಬೇರ್ಪಡಿಸುವುದು ಗ್ರಂಥಸಂಪಾದನೆಯ ಅಂಗೀಕೃತ ಕ್ರಮ. ಆದರೆ ಪದವನ್ನು ಯಾರು ಹಾಡಿದರು, ಯಾರೆದುರು ಹಾಡಿದರು, ಹಾಡಿದ್ದಕ್ಕಾಗಿ ಬದುಕಿನಲ್ಲಿ ಏನನ್ನು ತೆತ್ತರು ಎಂಬ ಸಂಗತಿಗಳಿಗೆ ಆ ಕ್ರಮದಲ್ಲಿ ಎಡೆಯಿಲ್ಲ. ಸಂತಪರಂಪರೆಯನ್ನು ಕುರಿತ ಕೆಲವು ಸಾಕ್ಷ್ಯಚಿತ್ರಗಳು ಈ ಕೊರತೆಯ ಕಡೆಗೆ ಸಾಹಿತ್ಯಾಭ್ಯಾಸಿಗಳ ಗಮನ ಸೆಳೆಯುವಂತಿವೆ.

ಕನ್ನಡದ ಮಟ್ಟಿಗೆ ಈ ದಾರಿಯಲ್ಲಿ ಮೊದಲು ನೆನೆಯಬೇಕಾದವರು ಗಿರೀಶ ಕಾರ್ನಾಡರು. 1972ರಲ್ಲಿ ಬೇಂದ್ರೆಯವರನ್ನು ಕುರಿತು ಸಾಕ್ಷ್ಯಚಿತ್ರ ನಿರ್ಮಿಸಿದ ಅವರು 1974-75ರಲ್ಲಿ ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ನಿರ್ದೇಶಕರಾಗಿದ್ದರು. 1988ರ 'ಕನಕ ಪುರಂದರ' ಇಂಗ್ಲಿಷಿನಲ್ಲಿದ್ದರೂ ಅದರ ವಸ್ತು ಕನ್ನಡದ್ದೇ. ಅನಂತರದ 'ದಿ ಲ್ಯಾಂಪ್ ಇನ್ ದಿ ನಿಚ್' ಸೂಫಿ ಹಾಗೂ ಭಕ್ತಿಪಂಥಗಳನ್ನು ಕುರಿತದ್ದು. ಹದಿನಾರನೆಯ ಶತಮಾನದ ವ್ಯಕ್ತಿಗಳನ್ನು ಚಿತ್ರಿಸುವವನ ಮುಂದೆ ವ್ಯಕ್ತಿಗಳಿಲ್ಲ. ಅವರ ಹೆಸರಿನ ಹಾಡು, ಗುಡಿ, ಐತಿಹ್ಯಗಳಷ್ಟೇ ಇವೆ. ಊರಿನ ವಿಷಯದಲ್ಲಿಯೂ ಒಮ್ಮತವಿಲ್ಲ. ಪುರಂದರದಾಸರ ಜನ್ಮಸ್ಥಳ ಪುಣೆಗೆ ಸಮೀಪದ ಪುರಂದರಗಡವೆಂಬುದು ಪರಂಪರಾಗತ ನಂಬಿಕೆ. ಮಲೆನಾಡಿನ ಆರಗವೆಂಬುದು ಬೇರೆ ವಿದ್ವಾಂಸರ ವಾದ. ಇಂಥ ವಾದಗಳಿಗೆ ಕ್ಯಾಮೆರಾ ತೀರ್ಪು ಕೊಡಲಾರದು.

ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ಆಶ್ರಯದಲ್ಲಿ 2003ರಲ್ಲಿ ಶಬನಮ್ ವಿರಮಾನಿ ಆರಂಭಿಸಿದ ಕಬೀರ್ ಯೋಜನೆ ಈ ತೊಡಕನ್ನು ಬೇರೊಂದು ಬಗೆಯಲ್ಲಿ ಬಿಡಿಸಿತು. ಸಂತನನ್ನು ಹುಡುಕುವ ಬದಲು ಅವನ ಪದಗಳನ್ನು ಇಂದು ಹಾಡುತ್ತಿರುವವರನ್ನು ಹುಡುಕುವುದು ಅದರ ಮಾರ್ಗ. ವಿರಮಾನಿಯವರು ಇದಕ್ಕೆ ಮೊದಲು ಆಂಧ್ರದ ನೆಲ್ಲೂರು ಜಿಲ್ಲೆಯ ಸಾರಾಯಿ ವಿರೋಧಿ ಮಹಿಳಾ ಚಳವಳಿಯನ್ನು ಕುರಿತು 1996ರಲ್ಲಿ ಚಿತ್ರ ಮಾಡಿದ್ದವರು. ಹೋರಾಟದಿಂದ ಅಧ್ಯಾತ್ಮಕ್ಕೆ ಬಂದರೆಂದು ಹೇಳುವುದಕ್ಕಿಂತ ಎರಡರ ನಡುವಿನ ಗೋಡೆಯನ್ನು ಅವರು ಒಪ್ಪಲಿಲ್ಲವೆನ್ನುವುದು ಉಚಿತ. 2008ರಲ್ಲಿ ಹೊರಬಂದ ನಾಲ್ಕು ಚಿತ್ರಗಳ ಪೈಕಿ 'ಹದ್-ಅನಹದ್' ಅಯೋಧ್ಯೆಯ ರಾಮನಿಗೂ ಕಬೀರನ ರಾಮನಿಗೂ ಇರುವ ಅಂತರವನ್ನು ವಿಚಾರಿಸುತ್ತ ಕರಾಚಿಯ ಕವ್ವಾಲರವರೆಗೆ ಸಾಗುತ್ತದೆ. 'ಕೋಯಿ ಸುನ್ತಾ ಹೈ' ಚಿತ್ರದ ಕೇಂದ್ರದಲ್ಲಿರುವವರು ಕುಮಾರ ಗಂಧರ್ವರು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಈ ಕನ್ನಡಿಗ, ಕ್ಷಯರೋಗಕ್ಕೆ ತುತ್ತಾಗಿ ಹವೆ ಬದಲಾವಣೆಗೆಂದು ದೇವಾಸಕ್ಕೆ ಹೋಗಿ, ಹಾಡಲಾಗದ ಹಲವು ವರ್ಷಗಳಲ್ಲಿ ಮಾಳವದ ಜನಪದ ಗಾಯಕರ ನಿರ್ಗುಣ ಪದಗಳನ್ನು ಕೇಳಿದರು. ಶಾಸ್ತ್ರೀಯ ಸಂಗೀತದಲ್ಲಿ ಕಬೀರನಿಗೆ ಅವರು ಕೊಟ್ಟ ಸ್ಥಾನದ ಹಿಂದೆ ಆ ಮೌನವಿದೆ.

ನಾಲ್ಕರಲ್ಲಿ ಹೆಚ್ಚು ನಿಷ್ಠುರವಾದದ್ದು 'ಕಬೀರಾ ಖಡಾ ಬಜಾರ್ ಮೇ'. ಅದರ ನಾಯಕ ಪ್ರಹ್ಲಾದ ಸಿಂಗ್ ಟಿಪಾಣಿಯಾ ಮಾಳವದ ದಲಿತ ಕುಟುಂಬದವರು, ವೃತ್ತಿಯಿಂದ ಶಾಲಾ ಶಿಕ್ಷಕರು. 1990ರ ದಶಕದಲ್ಲಿ ದೇವಾಸದ ಏಕಲವ್ಯ ಸಂಸ್ಥೆ ಏರ್ಪಡಿಸುತ್ತಿದ್ದ ಕಬೀರ ಭಜನ ಮತ್ತು ವಿಚಾರಗಳ ವೇದಿಕೆಯಲ್ಲಿ ಜಾತಿ, ಕರ್ಮಕಾಂಡಗಳನ್ನು ಪ್ರಶ್ನಿಸಿದವರ ಜೊತೆಗಾರ. ಅದೇ ವ್ಯಕ್ತಿ ಕಬೀರಪಂಥದ ಮಹಂತಪದವಿಯನ್ನು ಒಪ್ಪಿ ಚೌಕಾ ಆರತಿಯ ವಿಧಿಯನ್ನು ನಡೆಸತೊಡಗುತ್ತಾರೆ. ಕರ್ಮಕಾಂಡವನ್ನು ಹಳಿದ ಕವಿಯ ಹೆಸರಿನಲ್ಲಿಯೇ ಕರ್ಮಕಾಂಡ! ಹಳೆಯ ಗೆಳೆಯರ ಆಕ್ಷೇಪವೂ ಟಿಪಾಣಿಯಾ ಅವರ ಸಮರ್ಥನೆಯೂ ಚಿತ್ರದಲ್ಲಿ ಕೇಳಿಸುತ್ತವೆ. ನಿರ್ದೇಶಕಿ ಯಾರನ್ನೂ ಅಪರಾಧಿಯಾಗಿ ನಿಲ್ಲಿಸುವುದಿಲ್ಲ. ವಚನಕಾರರ ತರುವಾಯದ ಮಠಗಳ ಇತಿಹಾಸವನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತ ಕಥೆಯೇನಲ್ಲ. 58ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಚಿತ್ರಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ದೊರೆಯಿತು.

ಪಾಠದ ಪ್ರಶ್ನೆಯೂ ಇಲ್ಲಿ ಹೊಸ ರೂಪದಲ್ಲಿ ಎದುರಾಗುತ್ತದೆ. ಕಬೀರನ ಪದಗಳಿಗೆ ಮೂರು ಪ್ರಾಚೀನ ಆಕರಗಳು: ಪೂರ್ವದ ಬೀಜಕ, 1604ರಲ್ಲಿ ಸಂಕಲನಗೊಂಡ ಸಿಖ್ಖರ ಆದಿಗ್ರಂಥ, ರಾಜಸ್ಥಾನದ ದಾದೂಪಂಥೀಯರ ಸಂಗ್ರಹಗಳು. ಇಂದು ಹಳ್ಳಿಗಳಲ್ಲಿ ಹಾಡುವ ಅನೇಕ ಪದಗಳು ಈ ಮೂರರಲ್ಲಿಯೂ ಸಿಗುವುದಿಲ್ಲ. ಸಂಪಾದಕನ ದೃಷ್ಟಿಯಲ್ಲಿ ಅವು ಪ್ರಕ್ಷಿಪ್ತ. ಹಾಡುವವನಿಗೆ ಮಾತ್ರ ಅವು ಕಬೀರನವೇ. ಬೀಜಕದ ಅನುವಾದಕಿ ಲಿಂಡಾ ಹೆಸ್ ಈ ಗಾಯಕರೊಡನೆ ವರ್ಷಗಟ್ಟಲೆ ಒಡನಾಡಿ 2015ರಲ್ಲಿ ಪ್ರಕಟಿಸಿದ ಗ್ರಂಥ, ಮೌಖಿಕ ಪರಂಪರೆಯನ್ನೇ ಪಠ್ಯವಾಗಿ ಓದುವ ಪ್ರಯತ್ನವಾಗಿದೆ. 'ಚಲೋ ಹಮಾರಾ ದೇಸ್' ಚಿತ್ರ ಅವರ ಮತ್ತು ಟಿಪಾಣಿಯಾ ಅವರ ಸ್ನೇಹದ ಸುತ್ತ ಹೆಣೆದದ್ದು.

ಕಬೀರನ ಹೆಸರು ಪುಣೆಯಲ್ಲಿ ಇನ್ನೂ ಕಟುವಾದ ಅರ್ಥವನ್ನು ಪಡೆಯಿತು. ಖರಾಡಿಯ ಮಾಹಿತಿ ತಂತ್ರಜ್ಞಾನದ ಗೋಪುರಗಳಿಂದ ಇಂದು ಗುರುತಿಸಲ್ಪಡುವ ಆ ನಗರದಲ್ಲಿ ಕಾಸೇವಾಡಿಯಂಥ ಕೊಳೆಗೇರಿಗಳೂ ಇವೆ. ಗುಜರಾತಿನ ಗಲಭೆಗಳ ಬಳಿಕ 2002ರಲ್ಲಿ ಪುಣೆಯ ತರುಣರು ಕಟ್ಟಿದ ಕಬೀರ ಕಲಾ ಮಂಚಕ್ಕೆ ಕಾಸೇವಾಡಿಯ ಶೀತಲ್ ಸಾಠೆ ಪ್ರಮುಖ ಗಾಯಕಿಯಾದರು. ಆನಂದ ಪಟವರ್ಧನರ 'ಜೈ ಭೀಮ್ ಕಾಮ್ರೇಡ್' (2011) ಆರಂಭವಾಗುವುದು ಮುಂಬಯಿಯ ರಮಾಬಾಯಿ ಬಡಾವಣೆಯಲ್ಲಿ 1997ರ ಜುಲೈ 11ರಂದು ಪೊಲೀಸರ ಗುಂಡಿಗೆ 10 ದಲಿತರು ಬಲಿಯಾದ ಘಟನೆಯಿಂದ, ಅದರಿಂದ ಮನನೊಂದು ಪ್ರಾಣ ತ್ಯಜಿಸಿದ ಗಾಯಕ ವಿಲಾಸ ಘೋಗ್ರೆಯಿಂದ. 14 ವರ್ಷಗಳ ಚಿತ್ರೀಕರಣ ಕೊನೆಗೆ ಈ ಪುಣೆಯ ಮಂಚವನ್ನು ತಲುಪುತ್ತದೆ. ಮಂಚದ ಸದಸ್ಯರ ಮೇಲೆ ನಕ್ಸಲ ನಂಟಿನ ಆರೋಪ ಬಂದು ಕೆಲವರು ಭೂಗತರಾದರು. ಸಾಠೆ ಮತ್ತು ಅವರ ಪತಿ ಸಚಿನ್ ಮಾಳಿ 2013ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ಪೊಲೀಸರಿಗೆ ತಮ್ಮನ್ನು ಒಪ್ಪಿಸಿಕೊಂಡರು. ಗರ್ಭಿಣಿಯಾಗಿದ್ದ ಸಾಠೆಯವರಿಗೆ ಅದೇ ವರ್ಷ, ಮಾಳಿಯವರಿಗೆ 2017ರಲ್ಲಿ ಜಾಮೀನು ದೊರೆಯಿತು. ವಿರಮಾನಿಯವರ ಚಿತ್ರಗಳು ಅಂತರಂಗದ ಕಡೆಗೆ ಬಾಗುತ್ತವೆ, ಪಟವರ್ಧನರದು ಬೀದಿಗೆ ಇಳಿಯುತ್ತದೆ. ಮೊದಲನೆಯವುಗಳಲ್ಲಿ ಹಾಡಿನ ಸೊಗಸು ಒಮ್ಮೊಮ್ಮೆ ಜಾತಿಯ ಗಾಯವನ್ನು ಮರೆಯಿಸುವಷ್ಟಿದೆಯೆಂಬ ಮಾತನ್ನು ಪೂರ್ತಿ ತಳ್ಳಿಹಾಕಲಾಗದು.

ಕನ್ನಡದ ತತ್ತ್ವಪದಗಳ ಅಧ್ಯಯನಕ್ಕೆ ಇವುಗಳಿಂದ ದೊರೆಯುವ ಸೂಚನೆ ನೇರವಾದದ್ದು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ಶಿಷ್ಯರಲ್ಲಿ ಚನ್ನೂರು ಜಲಾಲಸಾಹೇಬನೂ ಇದ್ದಾನೆ, ಖೈನೂರು ಕೃಷ್ಣಪ್ಪನೂ ಇದ್ದಾನೆ. ಅವರ ಪದಗಳು ಸಂಪುಟಗಳಲ್ಲಿ ಅಚ್ಚಾಗಿವೆ. ಏಕತಾರಿ, ದಮ್ಮಡಿಗಳೊಡನೆ ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಒಬ್ಬನ ಪದಕ್ಕೆ ಇನ್ನೊಬ್ಬನ ಪದವನ್ನು ಉತ್ತರವಾಗಿ ಎತ್ತಿಕೊಳ್ಳುವ ಕ್ರಮ, ಯಾವ ಮನೆಯಂಗಳದಲ್ಲಿ ಯಾವ ಪದವನ್ನು ಬಿಟ್ಟುಬಿಡುತ್ತಾರೆ ಎಂಬ ವಿವೇಚನೆ ಇವೆಲ್ಲ ಇನ್ನೂ ವೃದ್ಧ ಗಾಯಕರ ನೆನಪಿನಲ್ಲಿಯೇ ಉಳಿದಿವೆ.