ಊರಲ್ಲಿ ವಿಕೆಟ್ ಕೀಳೋ ಹುಡುಗ ಹೊಸ ತಂಡದಲ್ಲಿ ಯಾಕೆ ಸೋಲ್ತಾನೆ?

ಹೋದ ವಾರ ಮಳವಳ್ಳಿ ಕಡೆಯ ಒಬ್ಬ ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಮಗನಿಗೆ ಹತ್ತೊಂಬತ್ತು ವರ್ಷ, ಎಡಗೈ ಸ್ಪಿನ್ನರ್. ಮಂಡ್ಯದಲ್ಲಿ ಮ್ಯಾಟ್ ಮೇಲೆ ಆಡುವಾಗ ಅವನ ಮುಂದೆ ನಿಲ್ಲೋರೇ ಇರಲಿಲ್ಲವಂತೆ. ಈ ವರ್ಷ ಬೆಂಗಳೂರಿನ ಕ್ಲಬ್ಬೊಂದಕ್ಕೆ ಸೇರಿದ. ಐದು ಪಂದ್ಯದಲ್ಲಿ ಸಿಕ್ಕಿದ್ದು ಎರಡೇ ವಿಕೆಟ್. ಈಗ ಕಿಟ್ ಬ್ಯಾಗ್ ಅಟ್ಟದ ಮೇಲೆ ಹಾಕಿ ಮನೇಲಿ ಕೂತಿದ್ದಾನೆ. 'ಹಾಗಾದ್ರೆ ಅವನು ಇಷ್ಟು ದಿನ ಚೆನ್ನಾಗಿ ಆಡಿದ್ದು ಸುಳ್ಳಾ?' ಅಂತ ಆ ಅಕ್ಕನ ಪ್ರಶ್ನೆ.

ಸುಳ್ಳಲ್ಲ ಕಣಕ್ಕ. ಇದು ನನಗೂ ಆಗಿದೆ. ಮದ್ದೂರಲ್ಲಿ ಟೆನಿಸ್ ಬಾಲ್ ಆಡುವಾಗ ಕೊನೇ ಓವರ್ ನಂದೇ, ಯಾರ್ಕರ್ ಹಾಕ್ತಾನೆ ಅಂತ ಹೆಸರಿತ್ತು. ಒಂದ್ಸಲ ಮಳವಳ್ಳಿಯ ಹುಡುಗರು ಟೂರ್ನಿಗೆ ಕರ್ಕೊಂಡು ಹೋಗಿ ಮೊದಲನೇ ಓವರ್ ಕೊಟ್ರು. 22 ರನ್ ಹೋಯ್ತು. ಎರಡನೇ ಓವರ್ ಸಿಗಲೇ ಇಲ್ಲ. ವಾಪಸ್ ಬಸ್ಸಲ್ಲಿ ಕೂತು, ನನ್ನ ಕೈಯೇ ಕೆಟ್ಟಿದೆ ಅಂದ್ಕೊಂಡಿದ್ದೆ. ಆದ್ರೆ ಅವತ್ತು ಬದಲಾಗಿದ್ದು ನನಗೆ ಕೊಟ್ಟ ಕೆಲಸ.

ದೊಡ್ಡ ಮಟ್ಟದಲ್ಲಿ ಇದನ್ನ ನೋಡಬೇಕಾದ್ರೆ ನಮ್ಮ ಕರ್ನಾಟಕದ ಆಫ್ ಸ್ಪಿನ್ನರ್ ಕೃಷ್ಣಪ್ಪ ಗೌತಮ್ ಕಥೆ ಇದೆ. 2018ರಲ್ಲಿ ರಾಜಸ್ಥಾನ ರಾಯಲ್ಸ್ ಅವರನ್ನ 6.2 ಕೋಟಿಗೆ ಕೊಂಡಿತು. ಆ ಸಲ 11 ವಿಕೆಟ್. ಜೈಪುರದಲ್ಲಿ ಮುಂಬೈ ವಿರುದ್ಧ 11 ಎಸೆತಕ್ಕೆ 33 ರನ್ ಹೊಡೆದು ಪಂದ್ಯವನ್ನೂ ಗೆಲ್ಲಿಸಿದ್ರು. ಮುಂದಿನ ವರ್ಷ ಅದೇ ತಂಡದಲ್ಲಿ 7 ಪಂದ್ಯಕ್ಕೆ ಒಂದೇ ವಿಕೆಟ್. ಅದೇ 2019ರ ಆಗಸ್ಟ್‌ನಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ಗೆ ಬಂದ್ರು. ಬಳ್ಳಾರಿ ಟಸ್ಕರ್ಸ್ ಪರ ಶಿವಮೊಗ್ಗ ವಿರುದ್ಧ 56 ಎಸೆತದಲ್ಲಿ 134 ರನ್, ಆಮೇಲೆ 15 ರನ್ನಿಗೆ 8 ವಿಕೆಟ್! ಆ ಲೀಗ್‌ಗೆ ಅಧಿಕೃತ ಟಿ20 ಮಾನ್ಯತೆ ಇಲ್ಲದ್ದರಿಂದ ದಾಖಲೆ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಆದ್ರೆ ಕೈ ಕೆಟ್ಟಿರಲಿಲ್ಲ ಅನ್ನೋಕೆ ಇನ್ನೇನು ಬೇಕು?

2021ರಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ಅವರಿಗೆ 9.25 ಕೋಟಿ ಕೊಟ್ಟಿತು. ಮೂಲಬೆಲೆ ಇದ್ದದ್ದು 20 ಲಕ್ಷ. ಭಾರತ ತಂಡಕ್ಕೆ ಇನ್ನೂ ಆಡದ ಭಾರತೀಯ ಆಟಗಾರನಿಗೆ ಅದು ಆವರೆಗಿನ ದಾಖಲೆ. ಆಡಿದ ಪಂದ್ಯ ಎಷ್ಟು ಗೊತ್ತಾ? ಸೊನ್ನೆ. ಯಾಕಂದ್ರೆ ಅದೇ ಹರಾಜಲ್ಲಿ ಮೊಯಿನ್ ಅಲಿ ಬಂದಿದ್ರು, ಅವರೂ ಆಫ್ ಸ್ಪಿನ್ ಹಾಕಿ ಬ್ಯಾಟ್ ಬೀಸೋರೇ. ಜಡೇಜಾ ಮೊದಲೇ ಇದ್ರು. ಒಂದು ಕುರ್ಚಿಗೆ ಮೂರು ಜನ. ಆ ವರ್ಷ ಚೆನ್ನೈ ಕಪ್ ಗೆದ್ದಿತು. ಗೌತಮ್ ಮುಂದಿನ ಹರಾಜಲ್ಲಿ 90 ಲಕ್ಷಕ್ಕೆ ಲಖನೌ ತಂಡಕ್ಕೆ ಹೋದ್ರು.

ಹಾಗಾದ್ರೆ ಕಾರಣಗಳೇನು? ಮೊದಲನೆಯದು ನೆಲ. ಮ್ಯಾಟ್ ಮೇಲೆ ಚೆಂಡು ಕಚ್ಚಿ, ಪುಟಿದು ಮೇಲೇಳುತ್ತೆ. ಟರ್ಫ್ ಮೇಲೆ ಅದೇ ಜಾಗಕ್ಕೆ ಹಾಕಿದ್ರೆ ತಣ್ಣಗೆ ಬರುತ್ತೆ, ಬ್ಯಾಟ್ಸ್‌ಮನ್ ಹಿಂದೆ ಸರಿದು ಆರಾಮಾಗಿ ಕಟ್ ಮಾಡ್ತಾನೆ. ಅಲ್ಲಿ ಚೆಂಡನ್ನ ಇನ್ನಷ್ಟು ಮುಂದೆ ಹಾಕಿ, ಗಾಳಿಯಲ್ಲೇ ಅವನನ್ನ ಯಾಮಾರಿಸಬೇಕು. ಇದು ಕಲಿಯೋಕೆ ತಿಂಗಳುಗಳು ಬೇಕು.

ಎರಡನೆಯದು ಜೊತೆಗಾರರು. ಹಳೇ ಕೀಪರ್‌ಗೆ ನಿಮ್ಮ ಮಣಿಕಟ್ಟು ನೋಡಿದ್ರೇ ಚೆಂಡು ಎತ್ತ ತಿರುಗುತ್ತೆ ಅಂತ ಗೊತ್ತಿರುತ್ತೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯೋ ಪಿಚರ್‌ಗಳದ್ದೂ ಇದೇ ಪಾಡು. ಅಲ್ಲಿ ಯಾವ ಎಸೆತ ಅಂತ ಸನ್ನೆ ಮಾಡೋನೇ ಕ್ಯಾಚರ್, ಮೈದಾನಗಳ ಅಳತೆಯೂ ಊರಿಂದೂರಿಗೆ ಬೇರೆ. ತಂಡ ಬದಲಾದ್ರೆ ಎಲ್ಲಾ ಹೊಸದಾಗಿ ಶುರು.

ಮೂರನೆಯದು ಲೆಕ್ಕ. ಟಿ20ಯಲ್ಲಿ ಒಬ್ಬ ಬೌಲರ್‌ಗೆ ಸಿಗೋದು ಹೆಚ್ಚಂದ್ರೆ 24 ಎಸೆತ. 7 ಪಂದ್ಯ ಅಂದ್ರೂ 168 ದಾಟಲ್ಲ. ಎರಡು ಕ್ಯಾಚ್ ಬಿಟ್ರೆ ಆ ಲೆಕ್ಕವೇ ತಲೆಕೆಳಗು. 2024ರಲ್ಲಿ ಕೋಲ್ಕತ್ತಾ ತಂಡ ಮಿಚೆಲ್ ಸ್ಟಾರ್ಕ್‌ಗೆ 24.75 ಕೋಟಿ ಸುರಿಯಿತು. ಮೊದಲ ಎರಡು ಪಂದ್ಯದಲ್ಲಿ 8 ಓವರ್, 100 ರನ್, ವಿಕೆಟ್ ಇಲ್ಲ. ಎಲ್ಲರೂ ನಕ್ಕಿದ್ದರು. ಕೊನೆಗೆ ಫೈನಲ್‌ನಲ್ಲಿ 14 ರನ್ನಿಗೆ 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದ್ರು. ತಂಡದವರು ಕಾದಿದ್ದಕ್ಕೆ ಅದು ಸಾಧ್ಯವಾಯ್ತು.

ಅಕ್ಕ, ಎಲ್ಲರಿಗೂ ಆ ಫೈನಲ್ ಸಿಗುತ್ತೆ ಅಂತ ನಾನು ಹೇಳಲ್ಲ. ಗೌತಮ್ ಅಂಥವರಿಗೇ ಚೆನ್ನೈಲಿ ಒಂದು ಪಂದ್ಯ ಸಿಗಲಿಲ್ಲ. ಆದ್ರೆ ನಿಮ್ಮ ಮಗ ಬ್ಯಾಗ್ ಅಟ್ಟಕ್ಕೆ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಲಿ. ನನ್ನಿಂದ ಯಾವ ಓವರ್ ಬೇಕು ಅಂತ ಕ್ಯಾಪ್ಟನ್ ಹತ್ರ ಕೇಳಿದ್ದೀನಾ? ಟರ್ಫ್ ಮೇಲೆ ನೆಟ್ಸ್‌ನಲ್ಲಿ ಎಷ್ಟು ದಿನ ಚೆಂಡು ಹಾಕಿದ್ದೀನಿ? ನನ್ನ ಜಾಗಕ್ಕೇ ಇನ್ನಿಬ್ಬರು ಇದ್ದಾರಾ? ಕೊನೇ ಪ್ರಶ್ನೆಗೆ ಹೌದು ಅಂತ ಬಂದ್ರೆ ತಂಡ ಬದಲಿಸೋದ್ರಲ್ಲಿ ನಾಚಿಕೆ ಇಲ್ಲ. ಮೊದಲೆರಡಕ್ಕೆ ಇಲ್ಲ ಅಂತ ಬಂದ್ರೆ ಅವನು ಇನ್ನೂ ಸರಿಯಾಗಿ ಶುರುವೇ ಮಾಡಿಲ್ಲ.

ಐದು ಪಂದ್ಯಕ್ಕೆ ತೀರ್ಪು ಬರೆಯೋದು ಬೇಡ. ಬ್ಯಾಗ್ ಕೆಳಗಿಳಿಸೋಕೆ ಹೇಳಿ. ಏನಾಯ್ತು ಅಂತ ಇನ್ನೊಂದು ಮೆಸೇಜ್ ಹಾಕಿ, ಕಾಯ್ತಿರ್ತೀನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.